ಸಾವಿರಾರು ದನಿ, ಬಾರದ ಉತ್ತರ

2020ರ ಡಿಸೆಂಬರ್ 12ರ ಬೆಳಗಿನ ಜಾವ ಕೋಲಾರ ಜಿಲ್ಲೆಯ ನರಸಾಪುರದಲ್ಲಿದ್ದ ವಿಸ್ಟ್ರಾನ್ ಕಾರ್ಖಾನೆಯ ಗಾಜುಗಳು ಪುಡಿಯಾದವು. ಐಫೋನ್ ಜೋಡಿಸುತ್ತಿದ್ದ ಆ ಘಟಕದಲ್ಲಿ ಪಾಳಿ ಮುಗಿಸಿದ ಕಾರ್ಮಿಕರು ಸಿಟ್ಟಿನಿಂದ ಕಚೇರಿ, ವಾಹನ, ಯಂತ್ರಗಳ ಮೇಲೆ ಬಿದ್ದರು. ನೂರಕ್ಕೂ ಹೆಚ್ಚು ಮಂದಿಯನ್ನು ಪೊಲೀಸರು ಬಂಧಿಸಿದರು. ಮೊದಲ ದಿನಗಳ ಸುದ್ದಿಯೆಲ್ಲ ಒಡೆದ ಗಾಜಿನ ಸುತ್ತಲೇ ಇತ್ತು. ಆಮೇಲೆ ಕಾರ್ಖಾನೆಗಳ ಇಲಾಖೆಯ ತಪಾಸಣೆಯಿಂದ ಬೇರೆ ಸಂಗತಿಗಳು ಹೊರಬಂದವು. ಅಲ್ಪ ಅವಧಿಯಲ್ಲಿ ಕೆಲಸಗಾರರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಪಾಳಿ 8 ಗಂಟೆಯಿಂದ 12 ಗಂಟೆಗೆ ಬದಲಾಗಿತ್ತು. ಸಂಬಳದ ಲೆಕ್ಕ ತಪ್ಪಿತ್ತು. ಹೆಚ್ಚಿನವರು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರಾದ್ದರಿಂದ ಕಡಿಮೆ ಬಂದ ಸಂಬಳದ ಬಗ್ಗೆ ಯಾರನ್ನು ಕೇಳಬೇಕೆಂಬುದೇ ಅವರಿಗೆ ಸ್ಪಷ್ಟವಿರಲಿಲ್ಲ. ಅಷ್ಟು ಜನರ ಅಹವಾಲು ನೋಡಿಕೊಳ್ಳುವಷ್ಟು ಸಿಬ್ಬಂದಿ ಎಚ್‌ಆರ್ ವಿಭಾಗದಲ್ಲಿರಲಿಲ್ಲ. ವಾರ ಕಳೆಯುವುದರೊಳಗೆ ಕಂಪನಿ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ಹುದ್ದೆಯಿಂದ ಬಿಡಿಸಿತು, ದಿನದ 24 ಗಂಟೆಯೂ ದೂರು ಹೇಳಿಕೊಳ್ಳಬಹುದಾದ ಸಹಾಯವಾಣಿಯನ್ನು ಕನ್ನಡ, ತೆಲುಗು, ತಮಿಳು, ಹಿಂದಿ, ಇಂಗ್ಲಿಷ್‌ನಲ್ಲಿ ತೆರೆಯುವುದಾಗಿ ಪ್ರಕಟಿಸಿತು.

ಆ ಸಹಾಯವಾಣಿ ಒಂದೆರಡು ತಿಂಗಳು ಮೊದಲೇ ಇದ್ದಿದ್ದರೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಇದ್ದಿದ್ದರೂ ಸಾಲುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ. ಕರೆ ಮಾಡಿದವನಿಗೆ ‘ನಿನ್ನ ಇಷ್ಟು ದಿನದ ಸಂಬಳ ಇಂಥ ತಾರೀಕಿಗೆ ಬರುತ್ತದೆ’ ಎಂದು ಹೇಳಬಲ್ಲ ಅಧಿಕಾರವಿರುವ ಮನುಷ್ಯ ಆ ಕಡೆ ಇರಬೇಕಿತ್ತು. ದೊಡ್ಡ ಸಂಸ್ಥೆಯೊಂದು ತನ್ನೊಳಗಿನ ಸಾವಿರಾರು ಜನರ ಮಾತನ್ನು ಹೇಗೆ ಕಲೆಹಾಕಬೇಕು, ಅದಕ್ಕೆ ಹೇಗೆ ಉತ್ತರ ಕೊಡಬೇಕು ಎಂಬ ಪ್ರಶ್ನೆಗೆ ನೂರನಲವತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆ. ಅದನ್ನು ನೋಡುತ್ತ ಹೋದಂತೆ ನನಗೆ ಖಚಿತವಾಗಿರುವುದು ಇಷ್ಟು: ಕೇಳುವ ವಿದ್ಯೆಯಲ್ಲಿ ಸಂಸ್ಥೆಗಳು ಬಹಳ ದೂರ ಬಂದಿವೆ, ಉತ್ತರಿಸುವ ವಿದ್ಯೆಯಲ್ಲಿ ಬಂದಿಲ್ಲ. ಜನ ಕಳೆದುಕೊಂಡ ನಂಬಿಕೆಯೆಲ್ಲ ಈ ಎರಡರ ನಡುವಿನ ಅಂತರದಲ್ಲೇ ಬಿದ್ದಿದೆ.

ಹಳೆಯ ಉದಾಹರಣೆಗಳಲ್ಲಿ ಒಂದು ನಮ್ಮ ಮೈಸೂರಿನದೇ. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಒಡೆಯರ ಕೈಗೆ ಮರಳಿಸಿದ ವರ್ಷವೇ ದಿವಾನ್ ರಂಗಾಚಾರ್ಲು ಪ್ರಜಾ ಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಅಕ್ಟೋಬರ್ 7ರಂದು ಸೇರಿದ ಮೊದಲ ಸಭೆಯಲ್ಲಿ 144 ಸದಸ್ಯರಿದ್ದರು. ದಸರೆಯ ಹೊತ್ತಿಗೆ ತಾಲ್ಲೂಕು ತಾಲ್ಲೂಕುಗಳಿಂದ ಬಂದ ಜಮೀನುದಾರರು, ವರ್ತಕರು ಸೇರುತ್ತಿದ್ದರು. ದಿವಾನರು ವರ್ಷದ ಆಡಳಿತದ, ಹಣಕಾಸಿನ ಲೆಕ್ಕ ಒಪ್ಪಿಸುತ್ತಿದ್ದರು. ಸದಸ್ಯರು ತಮ್ಮ ಕಡೆಯ ಕೆರೆ, ರಸ್ತೆ, ಕಂದಾಯದ ಅಹವಾಲು ಮುಂದಿಡುತ್ತಿದ್ದರು. ಸಭೆಯ ನಡಾವಳಿ ಅಚ್ಚಾಗುತ್ತಿತ್ತು. ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಬಡ ರೈತನಿಗೆ ಅಲ್ಲಿ ಜಾಗವೂ ಇರಲಿಲ್ಲ. ಚುನಾವಣೆ ಬಂದದ್ದು 1891ರಲ್ಲಿ, ಶಾಸನಬದ್ಧ ಸ್ಥಾನ ಸಿಕ್ಕಿದ್ದು 1923ರಲ್ಲಿ. ಈ ಮಿತಿಗಳೆಲ್ಲ ನಿಜ. ಆದರೂ ಇಂದಿನ ಎಷ್ಟೋ ಕಂಪನಿಗಳ ಸಮೀಕ್ಷೆಗಳಲ್ಲಿ ಕಾಣದ ಎರಡು ಗುಣ ಅದರಲ್ಲಿದ್ದವು. ಕೇಳುವವರು ಮೊದಲು ತಮ್ಮ ಲೆಕ್ಕ ಕೊಡುತ್ತಿದ್ದರು. ಹೇಳುವವರು ಆಡಳಿತದ ಮುಖ್ಯಸ್ಥರ ಎದುರೇ ನಿಂತು ಹೇಳುತ್ತಿದ್ದರು.

ಅದೇ ಕಾಲದಲ್ಲಿ ಕಾರ್ಖಾನೆಗಳೊಳಗೆ ಸಲಹಾ ಪೆಟ್ಟಿಗೆ ಕಾಲಿಟ್ಟಿತು. 1880ರಲ್ಲಿ ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ಹಡಗು ಕಟ್ಟುತ್ತಿದ್ದ ವಿಲಿಯಂ ಡೆನ್ನಿ ಕೆಲಸಗಾರರ ಹೊಸ ಉಪಾಯಗಳಿಗೆ ಬಹುಮಾನ ಕೊಡುವ ಯೋಜನೆ ಮಾಡಿದರು. 1894ರಲ್ಲಿ ಅಮೆರಿಕದ ಓಹಾಯೋದಲ್ಲಿ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯ ಜಾನ್ ಪ್ಯಾಟರ್ಸನ್ ಇದನ್ನೇ ದೊಡ್ಡ ಪ್ರಮಾಣದಲ್ಲಿ ನಡೆಸಿದರು. ಟೊಯೊಟಾ 1951ರಲ್ಲಿ ಆರಂಭಿಸಿದ ಸಲಹಾ ಪದ್ಧತಿ ಇವೆಲ್ಲಕ್ಕಿಂತ ಗಟ್ಟಿಯಾಗಿ ಬೇರುಬಿಟ್ಟಿತು. ಅದಕ್ಕೆ ಕಾರಣ ಬಹುಮಾನದ ಮೊತ್ತವಲ್ಲ. ಅಲ್ಲಿ ಹೆಚ್ಚಿನ ಸಲಹೆಗಳನ್ನು ಹೇಳಿದವನ ನೇರ ಮೇಲ್ವಿಚಾರಕನೇ ಬೇಗ ತೀರ್ಮಾನಿಸಿಬಿಡುತ್ತಾನೆ. ತಂತಿ ಎಳೆದರೆ ಅಥವಾ ಗುಂಡಿ ಒತ್ತಿದರೆ ತಂಡದ ಮುಂದಾಳು ಓಡಿಬಂದು ನೋಡುವ ‘ಆಂಡನ್’ ವ್ಯವಸ್ಥೆಯೂ ಇದೇ ಮನೋಧರ್ಮದ್ದು. ಹೇಳಿದ್ದಕ್ಕೂ ಉತ್ತರಕ್ಕೂ ನಡುವೆ ಕೆಲವೇ ಕ್ಷಣಗಳ ಅಂತರ.

ಆದರೆ ಸಲಹೆ ಬೇರೆ, ಅಹವಾಲು ಬೇರೆ. ಬೋಲ್ಟ್ ಬಿಗಿಯುವ ಉಪಾಯವನ್ನು ಒಬ್ಬನೇ ಹೇಳಬಹುದು. ಕೆಲಸದ ಹೊರೆ, ಸಂಬಳ, ಪಾಳಿಗಳ ಮಾತನ್ನು ಒಬ್ಬನೇ ಆಡಿದರೆ ಅವನೇ ಗುರಿಯಾಗುತ್ತಾನೆ. 2020ರ ನವೆಂಬರ್‌ನಲ್ಲಿ, ನರಸಾಪುರದ ಘಟನೆಗೆ ತಿಂಗಳು ಮೊದಲು, ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಘಟಕದಲ್ಲಿ ಸಂಘದ ಸದಸ್ಯರೊಬ್ಬರ ಅಮಾನತಿನಿಂದ ಶುರುವಾದ ಧರಣಿ ಲಾಕ್‌ಔಟ್‌ವರೆಗೆ ಹೋಯಿತು. ಕಾರ್ಮಿಕರ ಮುಖ್ಯ ದೂರು ಕೆಲಸದ ಹೊರೆಯದು. ಜಗತ್ತಿಗೇ ಮಾದರಿಯೆನಿಸಿದ ಸಲಹಾ ಪದ್ಧತಿಯಿರುವ ಬಳಗದಲ್ಲೂ ಹೀಗಾಯಿತೆಂದರೆ, ಪೆಟ್ಟಿಗೆಯಾಗಲಿ ಸಮೀಕ್ಷೆಯಾಗಲಿ ಕಾರ್ಮಿಕ ಸಂಘದ ಜಾಗ ತುಂಬಲಾರವು ಎಂದೇ ಅರ್ಥ. ಮಾನವ ಸಂಪನ್ಮೂಲದ ಪುಸ್ತಕಗಳು ಈ ಮಾತನ್ನು ಹೆಚ್ಚಾಗಿ ಹೇಳುವುದಿಲ್ಲ. ಹೇಳಬೇಕು.

ಜನರನ್ನು ಕೂರಿಸಿ ಮಾತಾಡಿಸುವ ಪ್ರಯೋಗಗಳಲ್ಲಿ ಅತಿ ದೊಡ್ಡದು ಶಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ ನಡೆಯಿತು. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ಅಲ್ಲಿ ಟೆಲಿಫೋನ್ ಉಪಕರಣ ತಯಾರಿಸುತ್ತಿತ್ತು. 1924ರಲ್ಲಿ ಬೆಳಕಿನ ಪ್ರಯೋಗಗಳಿಂದ ಶುರುವಾದ ಅಧ್ಯಯನ 1928ರ ಹೊತ್ತಿಗೆ ಸಂದರ್ಶನಕ್ಕೆ ತಿರುಗಿತು. ಎರಡು ವರ್ಷ ಚಿಲ್ಲರೆ ಅವಧಿಯಲ್ಲಿ 21,000ಕ್ಕೂ ಹೆಚ್ಚು ಕೆಲಸಗಾರರನ್ನು ಮಾತಾಡಿಸಿದರು. ಮೊದಲಿಗೆ ಸಂದರ್ಶಕರ ಕೈಯಲ್ಲಿ ಪ್ರಶ್ನೆಗಳ ಪಟ್ಟಿ ಇತ್ತು. ಕೆಲಸಗಾರರು ಪಟ್ಟಿಯ ಪ್ರಶ್ನೆಗೆ ಒಂದು ಮಾತು ಹೇಳಿ, ಮತ್ತೆ ತಮ್ಮ ಮನಸ್ಸಿನಲ್ಲಿದ್ದ ವಿಷಯಕ್ಕೇ ಬರುತ್ತಿದ್ದರು. ಆಗ ಸಂಶೋಧಕರು ಪಟ್ಟಿಯನ್ನು ಬದಿಗಿಟ್ಟು, ಎದುರಿಗಿರುವವರು ಏನು ಹೇಳಬಯಸುತ್ತಾರೋ ಅದನ್ನೇ ಹೇಳಲು ಬಿಟ್ಟರು. ಅರ್ಧ ಗಂಟೆಯ ಸಂದರ್ಶನ ಒಂದೂವರೆ ಗಂಟೆಗೆ ಹಿಗ್ಗಿತು. ಪ್ರಶ್ನೆ ಬರೆಯುವವರಿಗೆ ತಮಗೆ ಗೊತ್ತಿರುವುದನ್ನಷ್ಟೇ ಕೇಳಲು ಬರುತ್ತದೆ ಎಂಬ ತಿಳಿವಳಿಕೆ ಅಲ್ಲಿಂದ ಬಂತು. ಇಂದಿಗೂ ಸಮೀಕ್ಷೆಯ ಕೊನೆಯಲ್ಲಿ ‘ಬೇರೇನಾದರೂ ಹೇಳುವುದಿದೆಯೇ’ ಎಂಬ ಖಾಲಿ ಜಾಗ ಇರುವುದು ಈ ತಿಳಿವಳಿಕೆಯಿಂದಲೇ.

ಅದರ ಮುಂದಿನ ಕತೆಯನ್ನು ಹೆಚ್ಚು ಜನ ನೆನೆಯುವುದಿಲ್ಲ. ಮನಸ್ಸಿನಲ್ಲಿದ್ದುದನ್ನು ಹೇಳಿಕೊಂಡ ಮಾತ್ರಕ್ಕೇ ಎಷ್ಟೋ ಜನರಿಗೆ ಹಗುರವಾಗುತ್ತದೆ ಎಂಬುದನ್ನು ಸಂಶೋಧಕರು ಗಮನಿಸಿದ್ದರು. ಕಂಪನಿ ಇದನ್ನೇ ಹಿಡಿದು 1936ರಲ್ಲಿ ಆಪ್ತ ಸಮಾಲೋಚನೆಯ ವ್ಯವಸ್ಥೆಯೊಂದನ್ನು ಕಟ್ಟಿತು. ಅದು ಸುಮಾರು ಎರಡು ದಶಕ ನಡೆಯಿತು. ಸಮಾಲೋಚಕರು ಕಾರ್ಖಾನೆಯ ಒಳಗೆ ಓಡಾಡುತ್ತ ಕೆಲಸಗಾರರ ಮಾತು ಕೇಳಿಸಿಕೊಳ್ಳುತ್ತಿದ್ದರು. ಕೇಳಿದ್ದರ ಮೇಲೆ ಕ್ರಮ ಕೈಗೊಳ್ಳುವುದು ಅವರ ಕೆಲಸವಾಗಿರಲಿಲ್ಲ, ಕೈಗೊಳ್ಳಲು ಅವರಿಗೆ ಅವಕಾಶವೂ ಇರಲಿಲ್ಲ. ಸಮಾಲೋಚಕರ ಸದುದ್ದೇಶವನ್ನು ನಾನು ಅನುಮಾನಿಸುವುದಿಲ್ಲ. ಆದರೆ ದೂರನ್ನು ದೂರಿದವನ ಮನಸ್ಸಿನ ಕಾಯಿಲೆಯೆಂದು ನೋಡುವ ಅಭ್ಯಾಸಕ್ಕೆ ಆ ವ್ಯವಸ್ಥೆ ದಾರಿ ಮಾಡಿಕೊಟ್ಟಿತು. ಪಾಳಿಯ ಗಂಟೆ ಕಡಿಮೆ ಮಾಡಿ ಎಂದವನಿಗೆ ಒತ್ತಡ ನಿಭಾಯಿಸುವ ತರಬೇತಿ ಕೊಡುವ ಇಂದಿನ ಕಂಪನಿಗಳು ಅದೇ ದಾರಿಯಲ್ಲಿವೆ.

ಇದಕ್ಕೆ ಎದುರಾಗಿ ನಿಲ್ಲುವ ಉದಾಹರಣೆ ಸೇನೆಯದು. ಆಜ್ಞೆಯ ಮೇಲೆ ನಡೆಯುವ ಸಂಸ್ಥೆಯೊಂದು ಸಾಮಾನ್ಯ ಸೈನಿಕನ ಅಭಿಪ್ರಾಯ ಕೇಳಿ, ಅದರಂತೆ ನಡೆದುಕೊಂಡ ಪ್ರಸಂಗವಾದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಸಮಾಜಶಾಸ್ತ್ರಜ್ಞ ಸ್ಯಾಮ್ಯುಯೆಲ್ ಸ್ಟೌಫರ್ ಅವರ ನೇತೃತ್ವದಲ್ಲಿ ಸಂಶೋಧನಾ ವಿಭಾಗವೊಂದನ್ನು ನಡೆಸಿತು. 1941ರ ಡಿಸೆಂಬರ್‌ನಿಂದ ಯುದ್ಧ ಮುಗಿಯುವವರೆಗೆ ಅದು ಐದು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಪ್ರಶ್ನಿಸಿತು. ಹೆಸರು ಬರೆಯುವಂತಿಲ್ಲ, ಅಧಿಕಾರಿಗಳು ಎದುರಿಗೆ ಇರುವಂತಿಲ್ಲ ಎಂಬುದು ಪದ್ಧತಿ. ಊಟ, ಉಡುಪು, ನಾಯಕತ್ವ, ಭಯ, ಎಲ್ಲವನ್ನೂ ಕೇಳಿದರು. ಯುದ್ಧ ಮುಗಿಯುವ ಲಕ್ಷಣ ಕಂಡಾಗ ಎಲ್ಲಕ್ಕಿಂತ ಕಠಿಣ ಪ್ರಶ್ನೆ ಎದುರಾಯಿತು. ಯಾರನ್ನು ಮೊದಲು ಮನೆಗೆ ಕಳಿಸಬೇಕು?

ಇದನ್ನು ಸೈನಿಕರನ್ನೇ ಕೇಳಿದರು. ಎಷ್ಟು ಕಾಲ ಸೇವೆ ಮಾಡಿದ್ದಾರೆ, ಎಷ್ಟು ಕಾಲ ಕಡಲಾಚೆ ಇದ್ದರು, ಎಷ್ಟು ಕಾಳಗ ಕಂಡಿದ್ದಾರೆ, ಮನೆಯಲ್ಲಿ ಮಕ್ಕಳಿದ್ದಾರೆಯೇ, ಇವುಗಳಲ್ಲಿ ಯಾವುದಕ್ಕೆ ಹೆಚ್ಚು ತೂಕ ಕೊಡಬೇಕೆಂದು ಕೇಳಿದರು. ಬಂದ ಉತ್ತರಗಳ ಆಧಾರದ ಮೇಲೆ ಅಂಕಗಳ ಪದ್ಧತಿ ರೂಪಿಸಿದರು. ಸೇವೆಯ ಪ್ರತಿ ತಿಂಗಳಿಗೆ 1, ಕಡಲಾಚೆಯ ಪ್ರತಿ ತಿಂಗಳಿಗೆ ಇನ್ನೊಂದು 1, ಪ್ರತಿ ಪದಕಕ್ಕೆ ಅಥವಾ ಕಾಳಗದ ಗೌರವಕ್ಕೆ 5, ಮೂರು ಮಕ್ಕಳವರೆಗೆ ತಲಾ 12. 1945ರ ಮೇ ತಿಂಗಳಲ್ಲಿ 85 ಅಥವಾ ಹೆಚ್ಚು ಅಂಕವಿದ್ದವರಿಗೆ ಬಿಡುಗಡೆಯ ಅರ್ಹತೆ ಸಿಕ್ಕಿತು. ಇದರ ಸೊಬಗಿರುವುದು ಲೆಕ್ಕ ಎಲ್ಲರ ಕೈಗೂ ಸಿಗುವಂತಿದ್ದುದರಲ್ಲಿ. ಬ್ಯಾರಕ್ಕಿನಲ್ಲಿ ಕೂತ ಸೈನಿಕ ತನ್ನ ಅಂಕವನ್ನು ತಾನೇ ಕೂಡಿ ನೋಡಬಹುದಿತ್ತು. 84 ಬಂದವನಿಗೆ ಬೇಸರವಾಗಿರಬೇಕು. ಆದರೆ ತನ್ನನ್ನು ಯಾಕೆ ಬಿಡಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು, ಆ ನಿಯಮ ತನ್ನಂಥವರ ಅಭಿಪ್ರಾಯದಿಂದಲೇ ಹುಟ್ಟಿದ್ದು ಎಂಬುದೂ ಗೊತ್ತಿತ್ತು. ಹಡಗುಗಳ ಕೊರತೆಯಿಂದ ಬಿಡುಗಡೆ ತಡವಾದಾಗ ಗೊಣಗಾಟ ಎದ್ದಿತು, 1946ರ ಜನವರಿಯಲ್ಲಿ ಪ್ರತಿಭಟನೆಗಳೂ ನಡೆದವು. ಆ ಸಿಟ್ಟು ಮುಖ್ಯವಾಗಿ ನಿಧಾನದ ಮೇಲಿತ್ತು. ಲಕ್ಷಾಂತರ ಜನರಿಗೆ ಒಬ್ಬೊಬ್ಬರಾಗಿ ಉತ್ತರ ಬರೆಯಲು ಸಾಧ್ಯವಿಲ್ಲದಾಗ, ನ್ಯಾಯವೆನಿಸುವ ನಿಯಮವೊಂದನ್ನು ತೆರೆದಿಟ್ಟು ಉತ್ತರಿಸಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ.

ಯುದ್ಧಾನಂತರ ಈ ವಿದ್ಯೆ ಕಂಪನಿಗಳಿಗೆ ಬಂತು. ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗಿನ ಮೆಟ್ಟಿಲುಗಳನ್ನು ನಾವೆಲ್ಲ ಒಂದಲ್ಲ ಒಂದು ಫಾರ್ಮಿನಲ್ಲಿ ತುಂಬಿದ್ದೇವೆ. ಅದನ್ನು 1932ರಲ್ಲಿ ರೂಪಿಸಿದವರು ರೆನ್ಸಿಸ್ ಲೈಕರ್ಟ್. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಅವರು 1946ರಲ್ಲಿ ಕಟ್ಟಿದ ಸಮೀಕ್ಷಾ ಕೇಂದ್ರದಲ್ಲಿ ಫ್ಲಾಯ್ಡ್ ಮ್ಯಾನ್ ಎಂಬ ಸಂಶೋಧಕರಿದ್ದರು. ಡೆಟ್ರಾಯಿಟ್ ಎಡಿಸನ್ ವಿದ್ಯುತ್ ಕಂಪನಿಯ ನೌಕರರ ಸಮೀಕ್ಷೆ ಮಾಡಿದ ಮೇಲೆ ಮ್ಯಾನ್ ಒಂದು ಹೆಜ್ಜೆ ಮುಂದೆ ಹೋದರು. ಫಲಿತಾಂಶವನ್ನು ಆಡಳಿತ ಮಂಡಳಿಗೆ ಕೊಟ್ಟು ಸುಮ್ಮನಾಗದೆ, ಒಂದೊಂದು ವಿಭಾಗಕ್ಕೂ ಅದರದೇ ಅಂಕಿಅಂಶ ಮರಳಿಸಿದರು. ಆಯಾ ವಿಭಾಗದ ಜನ ತಮ್ಮ ಮೇಲ್ವಿಚಾರಕನ ಜೊತೆಯೇ ಕೂತು ಅದನ್ನು ಓದಿ, ಏನು ಮಾಡೋಣ ಎಂದು ಮಾತಾಡಿಕೊಂಡರು. ಹಾಗೆ ಕೂತು ಮಾತಾಡಿದ ವಿಭಾಗಗಳಲ್ಲಿ ಬದಲಾವಣೆ ಕಂಡಿತು. ಕೂರದ ವಿಭಾಗಗಳಲ್ಲಿ ಅಷ್ಟು ಕಾಣಲಿಲ್ಲ. ಮುಕ್ಕಾಲು ಶತಮಾನದ ಹಿಂದೆಯೇ ತಿಳಿದಿದ್ದ ಈ ಪಾಠವನ್ನು ಇಂದಿನ ಸಂಸ್ಥೆಗಳು ಮತ್ತೆ ಮತ್ತೆ ಮರೆಯುತ್ತವೆ. ಫಲಿತಾಂಶ ಮೇಲಕ್ಕೆ ಹೋಗುತ್ತದೆ, ಬಣ್ಣದ ಸ್ಲೈಡ್ ಆಗುತ್ತದೆ, ಕೆಳಗೆ ಇಳಿಯುವುದಿಲ್ಲ.

ಕೇಳಿದರೂ ಜನ ಯಾಕೆ ಹೇಳುವುದಿಲ್ಲ? ಈ ಬಗ್ಗೆ ಕಳೆದ ಅರ್ಧ ಶತಮಾನದಲ್ಲಿ ಬೇಕಾದಷ್ಟು ಅಧ್ಯಯನ ನಡೆದಿದೆ. 1970ರಲ್ಲಿ ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್, ಸಂಸ್ಥೆ ಹದಗೆಟ್ಟಾಗ ಜನ ಬಿಟ್ಟು ಹೋಗಬಹುದು ಅಥವಾ ದನಿ ಎತ್ತಬಹುದು, ನಿಷ್ಠೆಯಿದ್ದವರು ದನಿ ಎತ್ತುವ ಸಾಧ್ಯತೆ ಹೆಚ್ಚು ಎಂದು ವಾದಿಸಿದರು. 2003ರಲ್ಲಿ ಫ್ರಾನ್ಸಿಸ್ ಮಿಲಿಕೆನ್ ಮತ್ತು ಸಂಗಡಿಗರು 40 ನೌಕರರನ್ನು ವಿವರವಾಗಿ ಮಾತಾಡಿಸಿದಾಗ, ಮುಖ್ಯವೆಂದು ತಮಗೆ ಗೊತ್ತಿದ್ದ ವಿಷಯವನ್ನೂ ಮೇಲಧಿಕಾರಿಗೆ ಹೇಳಲಾಗದೆ ಉಳಿದ ಸಂದರ್ಭ ಒಮ್ಮೆಯಾದರೂ ಇತ್ತೆಂದು ಶೇ 85ರಷ್ಟು ಮಂದಿ ಹೇಳಿದರು. ಭಯ ಒಂದು ಕಾರಣ. ‘ಹೇಳಿ ಏನು ಪ್ರಯೋಜನ’ ಎಂಬ ಹತಾಶೆ ಇನ್ನೊಂದು. ಜೇಮ್ಸ್ ಡೆಟರ್ಟ್, ಈಥನ್ ಬರಿಸ್ ಮುಂತಾದವರ ಅಧ್ಯಯನಗಳಲ್ಲಿ ಭಯಕ್ಕಿಂತ ಹತಾಶೆಯೇ ಹೆಚ್ಚಾಗಿ ಕಾಣುತ್ತದೆ. ನಮ್ಮ ಕಚೇರಿಗಳಲ್ಲಿ ಕೆಲಸ ಮಾಡಿದ ಯಾರಿಗೂ ಇದು ಆಶ್ಚರ್ಯ ತರಲಾರದು. ಹೆಸರು ಮುಚ್ಚಿಟ್ಟು ಭಯವನ್ನು ಕಡಿಮೆ ಮಾಡಬಹುದು. ಹತಾಶೆಗೆ ಅದು ಮದ್ದಲ್ಲ.

ಇಲ್ಲಿ ಅಂಕಿಅಂಶ ಓದುವವರು ಎಡವುವ ಒಂದು ಜಾಗವಿದೆ. 1990ರ ದಶಕದಲ್ಲಿ ಏಮಿ ಎಡ್ಮಂಡ್ಸನ್ ಆಸ್ಪತ್ರೆಗಳ ದಾದಿಯರ ತಂಡಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ಔಷಧಿ ಕೊಡುವ ತಪ್ಪು ಕಡಿಮೆ ಇರುತ್ತದೆ ಎಂಬುದು ಅವರ ನಿರೀಕ್ಷೆ. ದಾಖಲೆ ಅದಕ್ಕೆ ವಿರುದ್ಧವಾಗಿತ್ತು. ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿದ್ದವು. ಕಾರಣ ಹುಡುಕಿದಾಗ, ಆ ತಂಡಗಳಲ್ಲಿ ತಪ್ಪನ್ನು ಮುಚ್ಚಿಡದೆ ಹೇಳುವ ಧೈರ್ಯವಿತ್ತು ಎಂಬುದು ತಿಳಿಯಿತು. ದೂರು ಕಡಿಮೆಯಾಯಿತೆಂದು ಸಂತೋಷಪಡುವ ವ್ಯವಸ್ಥಾಪಕರು ಈ ಅಧ್ಯಯನವನ್ನು ಓದಬೇಕು.

ಭಯ ಮತ್ತು ಹತಾಶೆ ಎರಡಕ್ಕೂ ಒಟ್ಟಿಗೆ ಮದ್ದು ಹುಡುಕಿದ ವ್ಯವಸ್ಥೆ ವಿಮಾನಯಾನದಲ್ಲಿದೆ. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ನಿನ ಡಲ್ಲಸ್ ನಿಲ್ದಾಣದತ್ತ ಇಳಿಯುತ್ತಿದ್ದ ಟಿಡಬ್ಲ್ಯುಎ 514 ವಿಮಾನ ವರ್ಜೀನಿಯಾದ ಬೆಟ್ಟಕ್ಕೆ ಅಪ್ಪಳಿಸಿ 92 ಮಂದಿ ಸತ್ತರು. ಇಳಿಯುವ ಅನುಮತಿಯ ಪದಗಳನ್ನು, ನಕ್ಷೆಯನ್ನು ವಿಮಾನ ಚಾಲಕರು ಒಂದು ರೀತಿ ಅರ್ಥಮಾಡಿಕೊಂಡಿದ್ದರು, ನಿಯಂತ್ರಕರು ಇನ್ನೊಂದು ರೀತಿ. ತನಿಖೆಯಲ್ಲಿ ಹೊರಬಂದ ಸಂಗತಿ ಇನ್ನಷ್ಟು ನೋವಿನದು. ಸುಮಾರು ಆರು ವಾರ ಮೊದಲು ಯುನೈಟೆಡ್ ಕಂಪನಿಯ ವಿಮಾನವೊಂದು ಅದೇ ಜಾಗದಲ್ಲಿ ಅದೇ ಗೊಂದಲಕ್ಕೆ ಸಿಕ್ಕಿ ಸ್ವಲ್ಪದರಲ್ಲಿ ಪಾರಾಗಿತ್ತು. ಅದರ ಚಾಲಕರು ತಮ್ಮ ಕಂಪನಿಗೆ ತಿಳಿಸಿದ್ದರು, ಕಂಪನಿ ತನ್ನ ಚಾಲಕರನ್ನೆಲ್ಲ ಎಚ್ಚರಿಸಿತ್ತು. ಆ ಎಚ್ಚರಿಕೆ ಬೇರೆ ಕಂಪನಿಗಳನ್ನು ಮುಟ್ಟಲೇ ಇಲ್ಲ.

ಈ ದುರಂತದ ಪಾಠದಿಂದ ಅಮೆರಿಕದಲ್ಲಿ 1976ರಲ್ಲಿ ಶುರುವಾದ ವಿಮಾನಯಾನ ಸುರಕ್ಷತಾ ವರದಿ ವ್ಯವಸ್ಥೆಯ ರಚನೆಯಲ್ಲೇ ಬಹಳ ಯೋಚನೆಯಿದೆ. ಶಿಕ್ಷೆ ಕೊಡಬಲ್ಲ ವಿಮಾನಯಾನ ಆಡಳಿತಕ್ಕೆ ತಪ್ಪೊಪ್ಪಿಕೊಳ್ಳಲು ಚಾಲಕರು ಹಿಂಜರಿದರು. ಆದ್ದರಿಂದ ವರದಿ ಸ್ವೀಕರಿಸುವ ಕೆಲಸವನ್ನು ದಂಡಿಸುವ ಅಧಿಕಾರವಿಲ್ಲದ ನಾಸಾಕ್ಕೆ ವಹಿಸಿದರು. ಉದ್ದೇಶಪೂರ್ವಕವಲ್ಲದ ತಪ್ಪನ್ನು ಹತ್ತು ದಿನದೊಳಗೆ ವರದಿ ಮಾಡಿದವರಿಗೆ, ಕೆಲವು ಷರತ್ತುಗಳ ಮೇಲೆ, ದಂಡದಿಂದ ವಿನಾಯಿತಿ ಇದೆ. ಅಪಘಾತಕ್ಕೂ ಅಪರಾಧಕ್ಕೂ ಈ ರಕ್ಷಣೆ ಇಲ್ಲ. ವರದಿ ಮಾಡಿದವರ ಹೆಸರಿರುವ ಪಟ್ಟಿಯನ್ನು ಫಾರ್ಮಿನಿಂದ ಬೇರ್ಪಡಿಸಿ, ಸ್ವೀಕರಿಸಿದ ಮೊಹರು ಹಾಕಿ ಅವರಿಗೇ ಮರಳಿಸುತ್ತಾರೆ. ಅದೇ ಅವರ ರಸೀದಿ, ಅದೇ ಅವರ ರಕ್ಷಣೆ. ಬಂದ ವರದಿಗಳನ್ನು ಪರಿಣತರು ಓದುತ್ತಾರೆ. ಅಪಾಯ ಕಂಡರೆ ಸಂಬಂಧಪಟ್ಟವರಿಗೆ ಎಚ್ಚರಿಕೆ ಹೋಗುತ್ತದೆ. 1979ರಿಂದ ‘ಕಾಲ್‌ಬ್ಯಾಕ್’ ಎಂಬ ಮಾಸಿಕ ಪತ್ರದಲ್ಲಿ ಆಯ್ದ ವರದಿಗಳು ಹೆಸರಿಲ್ಲದೆ ಎಲ್ಲರಿಗೂ ತಲುಪುತ್ತಿವೆ. ಹೇಳಿದವನು ಸುರಕ್ಷಿತ, ಹೇಳಿದ್ದು ವ್ಯರ್ಥವಾಗಲಿಲ್ಲ ಎಂಬುದು ಅವನ ಕಣ್ಣಿಗೇ ಬೀಳುತ್ತದೆ. ಈವರೆಗೆ ಹತ್ತು ಲಕ್ಷಕ್ಕೂ ಹೆಚ್ಚು ವರದಿಗಳು ಬಂದಿರುವುದರಲ್ಲಿ ಆಶ್ಚರ್ಯವಿಲ್ಲ.

ಹೆಸರು ಮುಚ್ಚಿಡುವ ವಿಷಯದಲ್ಲಿ ಇನ್ನೊಂದು ಮಾತು. ‘ಇದು ಅನಾಮಧೇಯ’ ಎಂದು ಮೇಲೆ ಬರೆದು, ಕೆಳಗೆ ವಿಭಾಗ, ವಯಸ್ಸು, ಲಿಂಗ, ಎಷ್ಟು ವರ್ಷದ ಸೇವೆ ಎಂದೆಲ್ಲ ಕೇಳಿದರೆ, ಎಂಟು ಜನರ ವಿಭಾಗದಲ್ಲಿರುವ ಒಬ್ಬಳೇ ಮಹಿಳೆಯನ್ನು ಗುರುತಿಸಲು ಜಾಣತನವೇನೂ ಬೇಕಿಲ್ಲ. ಇದಕ್ಕಾಗಿಯೇ ಜವಾಬ್ದಾರಿಯುತ ಸಮೀಕ್ಷೆಗಳು ಉತ್ತರಿಸಿದವರು ತೀರ ಕಡಿಮೆಯಿರುವ ಗುಂಪಿನ ಫಲಿತಾಂಶವನ್ನು ತೋರಿಸುವುದಿಲ್ಲ. ಭಾಷೆಯ ಪ್ರಶ್ನೆಯೂ ಅಷ್ಟೇ ಮುಖ್ಯ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಇಂದು ಮಂಡ್ಯ, ರಾಮನಗರದ ಹೆಣ್ಣುಮಕ್ಕಳ ಪಕ್ಕದಲ್ಲೇ ಒಡಿಶಾ, ಜಾರ್ಖಂಡ್, ಅಸ್ಸಾಮಿನಿಂದ ಬಂದವರು ಹೊಲಿಗೆ ಯಂತ್ರದ ಮುಂದೆ ಕೂತಿದ್ದಾರೆ. ಇಂಗ್ಲಿಷ್ ಫಾರ್ಮನ್ನು ಸೂಪರ್‌ವೈಸರ್ ಓದಿ ಹೇಳಿ ತುಂಬಿಸಿದರೆ ಅದು ಸೂಪರ್‌ವೈಸರ್‌ನ ಅಭಿಪ್ರಾಯವೇ ಆಗಿಬಿಡುತ್ತದೆ.

ಬಂದ ಮಾತುಗಳನ್ನು ಓದುವ ಕೆಲಸವೂ ಸುಲಭದ್ದಲ್ಲ. ಸರಾಸರಿ ಬಹಳ ಮುಚ್ಚಿಡುತ್ತದೆ. ಒಂದು ಕಾರ್ಖಾನೆಯ ಸರಾಸರಿ 5ಕ್ಕೆ 3.8 ಬಂತೆಂದಿಟ್ಟುಕೊಳ್ಳಿ, ಸಮಾಧಾನಕರ ಎನ್ನಿಸುತ್ತದೆ. ಹಗಲು ಪಾಳಿಯವರು 4.3 ಕೊಟ್ಟು, ಅವರ ಅರ್ಧದಷ್ಟಿರುವ ರಾತ್ರಿ ಪಾಳಿಯವರು 2.8 ಕೊಟ್ಟರೂ ಸರಾಸರಿ ಅದೇ 3.8. ಇನ್ನು ಆ ಅಂಕಕ್ಕೆ ವ್ಯವಸ್ಥಾಪಕರ ಬೋನಸ್ ಕಟ್ಟಿದರೆ ಕೆಲಸವೇ ಕೆಟ್ಟಿತು. ಸಮೀಕ್ಷೆಯ ವಾರದಲ್ಲಿ ತಿಂಡಿ ಬರುತ್ತದೆ, ಅಂಕ ಏರುತ್ತದೆ, ರಾತ್ರಿ ಪಾಳಿ ಇದ್ದಲ್ಲೇ ಇರುತ್ತದೆ. ಈಗ ಹತ್ತಾರು ಸಾವಿರ ಟಿಪ್ಪಣಿಗಳನ್ನು ಯಂತ್ರಬುದ್ಧಿ ನಿಮಿಷಗಳಲ್ಲಿ ಓದಿ ‘ಮುಖ್ಯಾಂಶ’ ಕೊಡುತ್ತದೆ. ಹತ್ತು ಸಾವಿರ ಜನ ಕ್ಯಾಂಟೀನಿನ ಬಗ್ಗೆ ಬರೆದದ್ದನ್ನು ಗುಂಪುಮಾಡಲು ಅದು ನಿಜಕ್ಕೂ ಉಪಯುಕ್ತ. ಆದರೆ ಬಾಯ್ಲರಿನ ಕವಾಟ ಸೋರುತ್ತಿದೆ ಎಂದು ಬರೆಯುವವನು ಒಬ್ಬನೇ ಇರುತ್ತಾನೆ. ಹೆಚ್ಚು ಜನ ಹೇಳಿದ್ದನ್ನೇ ಎತ್ತಿಹಿಡಿಯುವ ಸಾರಾಂಶದಲ್ಲಿ ಅವನು ಕಳೆದುಹೋಗುತ್ತಾನೆ. ಆದ್ದರಿಂದ ಅಪಾಯ, ಕಿರುಕುಳ, ಮೋಸದ ಸುಳಿವಿರುವ ಟಿಪ್ಪಣಿಗಳನ್ನು ಮನುಷ್ಯರೇ ಒಂದೊಂದಾಗಿ ಓದಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಉತ್ತರಿಸುವ ಪ್ರಯೋಗಗಳು ಕಡಿಮೆಯಾದರೂ ಇವೆ. 2003ರ ಜುಲೈನಲ್ಲಿ ಐಬಿಎಂನ ಮುಖ್ಯಸ್ಥ ಸ್ಯಾಮ್ ಪಾಲ್ಮಿಸಾನೊ, ಕಂಪನಿಯ ಮೌಲ್ಯಗಳೇನಿರಬೇಕೆಂದು ಜಗತ್ತಿನಾದ್ಯಂತದ ನೌಕರರನ್ನು 72 ಗಂಟೆಗಳ ಅಂತರ್ಜಾಲ ಚರ್ಚೆಯಲ್ಲಿ ಕೇಳಿದರು. ಸುಮಾರು 10,000 ಅಭಿಪ್ರಾಯಗಳು ಬಂದವು, ಮೊದಲಿಗೆ ಬಂದವುಗಳಲ್ಲಿ ಕಟುವಾದವೇ ಹೆಚ್ಚು. ಹಿರಿಯ ಅಧಿಕಾರಿಗಳಲ್ಲಿ ಕೆಲವರು ಇದನ್ನು ನಿಲ್ಲಿಸೋಣ ಎಂದರೂ ಪಾಲ್ಮಿಸಾನೊ ನಿಲ್ಲಿಸಲಿಲ್ಲ. ಸಣ್ಣ ವೆಚ್ಚಕ್ಕೂ ಮೇಲಿನವರ ಅನುಮತಿಗೆ ಕಾಯಬೇಕಾದ ಕಷ್ಟಕ್ಕೆ ಉತ್ತರವಾಗಿ, ಮೊದಲ ಹಂತದ ವ್ಯವಸ್ಥಾಪಕರು ಗ್ರಾಹಕರ ಸಮಸ್ಯೆ ಬಗೆಹರಿಸಲು ವರ್ಷಕ್ಕೆ 5,000 ಡಾಲರ್‌ವರೆಗೆ ತಾವೇ ಖರ್ಚು ಮಾಡಬಹುದೆಂಬ ವ್ಯವಸ್ಥೆ ಬಂತು. ನೊಯ್ಡಾದ ಎಚ್‌ಸಿಎಲ್ ಕಂಪನಿಯಲ್ಲಿ ವಿನೀತ್ ನಾಯರ್ ಮುಖ್ಯಸ್ಥರಾಗಿದ್ದಾಗ ತಂದ ಪದ್ಧತಿ ನನಗೆ ಇನ್ನೂ ಹೆಚ್ಚು ಹಿಡಿಸುತ್ತದೆ. ಸಂಬಳ, ರಜೆ, ಸಾರಿಗೆ, ಯಾವ ತೊಂದರೆಯಿದ್ದರೂ ನೌಕರ ಸಂಬಂಧಪಟ್ಟ ವಿಭಾಗದ ಮೇಲೆ ದೂರಿನ ಚೀಟಿ ತೆರೆಯಬಹುದಿತ್ತು. ಅದನ್ನು ಮುಚ್ಚುವ ಹಕ್ಕು ಆ ವಿಭಾಗಕ್ಕಿರಲಿಲ್ಲ. ದೂರು ಕೊಟ್ಟ ನೌಕರನೇ ‘ಸಮಾಧಾನವಾಯಿತು’ ಎಂದು ಮುಚ್ಚಬೇಕಿತ್ತು. ಇದು ಎಷ್ಟು ದೊಡ್ಡ ಬದಲಾವಣೆ ಎಂದು ತಿಳಿಯಬೇಕಾದರೆ, ನಮ್ಮ ಕಚೇರಿಗಳಲ್ಲಿ ‘ಕ್ರಮಕ್ಕಾಗಿ ರವಾನಿಸಲಾಗಿದೆ’ ಎಂಬ ಹಿಂಬರಹದೊಂದಿಗೆ ಮುಗಿದುಹೋಗುವ ಅರ್ಜಿಗಳನ್ನು ನೆನೆದರೆ ಸಾಕು.

ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯ ಅನುಭವ ಎರಡು ಬಗೆಯದು. 2003ರಿಂದ ಅಲ್ಲಿ ಪ್ರತಿ ವರ್ಷ ಸಿಬ್ಬಂದಿಯ ಸಮೀಕ್ಷೆ ನಡೆಯುತ್ತದೆ. ಇತ್ತೀಚಿನ ವರ್ಷಗಳಲ್ಲಿ ಏಳು ಲಕ್ಷ ಮೀರಿ ಉತ್ತರ ಬರುತ್ತವೆ. ಪ್ರತಿ ಆಸ್ಪತ್ರೆ ಸಮೂಹದ ಫಲಿತಾಂಶವನ್ನೂ ಸಾರ್ವಜನಿಕರ ಮುಂದಿಡುತ್ತಾರೆ. ಈ ಸಮೀಕ್ಷೆ ಇದ್ದ ಕಾಲದಲ್ಲೇ ಮಿಡ್ ಸ್ಟಾಫರ್ಡ್‌ಶೈರ್‌ನ ಆಸ್ಪತ್ರೆಯಲ್ಲಿ ರೋಗಿಗಳು ಭೀಕರ ನಿರ್ಲಕ್ಷ್ಯಕ್ಕೆ ಒಳಗಾದರು. ರಾಬರ್ಟ್ ಫ್ರಾನ್ಸಿಸ್ ಅವರ 2013ರ ವಿಚಾರಣಾ ವರದಿ, ಸಿಬ್ಬಂದಿ ಮತ್ತು ರೋಗಿಗಳ ಮನೆಯವರು ಹೇಳಿದ್ದನ್ನು ಆಡಳಿತ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಸ್ಪಷ್ಟವಾಗಿ ಬರೆಯಿತು. ಅವರದೇ 2015ರ ವರದಿಯ ನಂತರ ಆಸ್ಪತ್ರೆಗಳಲ್ಲಿ, ಮಾತಾಡಬಯಸುವ ಸಿಬ್ಬಂದಿಯ ಬೆನ್ನಿಗೆ ನಿಲ್ಲುವ ವಿಶೇಷ ಪಾಲಕರ ನೇಮಕ ಆರಂಭವಾಯಿತು. ಅಂಕಿಅಂಶಕ್ಕೆ ಒಬ್ಬ ಮನುಷ್ಯ ಜೊತೆಯಾದದ್ದು ರೋಗಿಗಳು ಅಷ್ಟು ನರಳಿದ ಮೇಲೆ.

ನಮ್ಮ ಕಾನೂನು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ 100 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಎರಡೂ ಪಕ್ಷದ ಪ್ರತಿನಿಧಿಗಳಿರುವ ಕಾರ್ಯ ಸಮಿತಿಗೆ ಅವಕಾಶವಿತ್ತು. 20 ಅಥವಾ ಹೆಚ್ಚು ಕೆಲಸಗಾರರಿರುವಲ್ಲಿ ಕುಂದುಕೊರತೆ ಸಮಿತಿ ಬೇಕೆಂಬುದು 2010ರ ತಿದ್ದುಪಡಿಯಿಂದ ಬಂತು. 2020ರ ಕೈಗಾರಿಕಾ ಸಂಬಂಧ ಸಂಹಿತೆ ಈ ಸಮಿತಿಗೆ 30 ದಿನಗಳ ಗಡುವನ್ನೂ, ಮಹಿಳೆಯರಿಗೆ ಅವರ ಸಂಖ್ಯೆಗೆ ತಕ್ಕ ಪ್ರಾತಿನಿಧ್ಯವನ್ನೂ ಹೇಳುತ್ತದೆ. ಕೊರತೆ ಕಾನೂನಿನ ಪುಟಗಳ ಹೊರಗಿದೆ. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿ ಹಿಂಪಡೆಯುವ ನಿಯಮ ಬದಲಿಸಿತು. ಮಾಲೀಕರ ಪಾಲಿನ ಹಣ 58 ವರ್ಷದವರೆಗೆ ಕೈಗೆ ಸಿಗದು ಎಂಬುದು ಅದರ ತಾತ್ಪರ್ಯ. ಮಗಳ ಮದುವೆಗೆ, ಮನೆಯ ಬಾಡಿಗೆ ಮುಂಗಡಕ್ಕೆ ಪಿಎಫ್ ಹಣವನ್ನೇ ನಂಬಿಕೊಂಡಿದ್ದ ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಮಹಿಳೆಯರು ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದರು. ಎರಡನೆಯ ದಿನವೇ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಮೊದಲೇ ಕೇಳಿದ್ದರೆ ಅವರ ಉತ್ತರ ಇದೇ ಆಗಿರುತ್ತಿತ್ತು, ಲಾಠಿ ಏಟು, ಕಲ್ಲೇಟು ತಪ್ಪುತ್ತಿದ್ದವು.

ಇಷ್ಟೆಲ್ಲ ನೋಡಿದ ಮೇಲೆ ಉತ್ತರ ಎಂದರೆ ಏನೆಂಬುದನ್ನು ಬಿಡಿಸಿ ಹೇಳಬಹುದು. ಹೇಳಿದ್ದೆಲ್ಲವನ್ನೂ ಒಪ್ಪಿಕೊಳ್ಳಬೇಕಿಲ್ಲ. ‘ಆಗುವುದಿಲ್ಲ, ಕಾರಣ ಇದು’ ಎಂಬುದೂ ಗೌರವದ ಉತ್ತರವೇ. ಕಾರಣವಿಲ್ಲದ ಮೌನವನ್ನು ಮಾತ್ರ ಜನ ಕ್ಷಮಿಸುವುದಿಲ್ಲ. ಉತ್ತರ ಕೊಡುವವರ ಹೆಸರು, ಹುದ್ದೆ ತಿಳಿದಿರಬೇಕು, ಅವರಿಗೆ ಏನನ್ನಾದರೂ ಬದಲಿಸುವ ಅಧಿಕಾರವಿರಬೇಕು. ಉತ್ತರ ಕೇಳಿದವರ ಭಾಷೆಯಲ್ಲೇ ಇರಬೇಕು, ಅವರು ಮರೆಯುವ ಮೊದಲು ಬರಬೇಕು. ವರ್ಷಕ್ಕೆ ಅರವತ್ತು ಪ್ರಶ್ನೆ ಕೇಳಿ ಒಂದಕ್ಕೂ ಉತ್ತರಿಸದ ಸಂಸ್ಥೆಗಿಂತ, ಐದೇ ಪ್ರಶ್ನೆ ಕೇಳಿ ಐದಕ್ಕೂ ಉತ್ತರಿಸುವ ಸಂಸ್ಥೆ ಮೇಲು. ಪ್ರಶ್ನೆ ಹೆಚ್ಚಿಸುವುದಕ್ಕೆ ಖರ್ಚಾಗುವ ಹಣದಲ್ಲಿ ಅರ್ಧವನ್ನಾದರೂ ಉತ್ತರ ಬರೆಯುವವರ ಸಂಬಳಕ್ಕೆ ಇಡಬೇಕು.

ಈ ಲೇಖನ ಓದುತ್ತಿರುವವರಲ್ಲಿ ಕಾರ್ಖಾನೆ, ಬ್ಯಾಂಕು, ಆಸ್ಪತ್ರೆ, ವಿಶ್ವವಿದ್ಯಾಲಯ ನಡೆಸುವವರು ಇರಬಹುದು, ಅಲ್ಲಿ ಸಮೀಕ್ಷೆ ಸಿದ್ಧಪಡಿಸುವವರೂ ಇರಬಹುದು. ಅವರಲ್ಲಿ ನನ್ನದೊಂದು ವಿನಂತಿ. ಮುಂದಿನ ಸಲ ನಿಮ್ಮ ಜನರಿಗೆ ಪ್ರಶ್ನೆಪತ್ರ ಕಳಿಸುವಾಗ ಅದರ ಮೊದಲ ಪುಟದಲ್ಲೇ ಎರಡು ಸಾಲು ಅಚ್ಚು ಹಾಕಿಸಿ: ಉತ್ತರ ಕೊಡುವವರ ಹೆಸರು, ಉತ್ತರ ಸಿಗುವ ತಾರೀಕು. ಆ ಎರಡು ಸಾಲು ಬರೆಯುವ ಸ್ಥಿತಿಯಲ್ಲಿ ನೀವಿಲ್ಲವಾದರೆ, ಬರೆಯುವಂತಾಗುವವರೆಗೆ ದಯವಿಟ್ಟು ಆ ಸಮೀಕ್ಷೆಯನ್ನು ಮುಂದೂಡಿ.